ಕಬುಕಿ ವಾರಿಯರ್ಸ್ ಅನ್ನುವ ಹಳೇ ಎಕ್ಸ್‌ಬಾಕ್ಸ್ ಗೇಮ್ ಯಾರಾದರೂ ಆಡಿದ್ದೀರಾ? (ದಾವಣಗೆರೆ)

ಕೊಂಡಜ್ಜಿ_ರಸ್ತೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿದ್ದ ನಮ್ಮ ಚಿಕ್ಕಪ್ಪ ಅಲ್ಲಿನ ಮನೆ ಖಾಲಿ ಮಾಡಿಕೊಂಡು ದಾವಣಗೆರೆಗೆ ವಾಪಸ್ ಬಂದಿದ್ದಾರೆ. ಅವರ ಸಾಮಾನಿನ ಜೊತೆ ಒಂದು ಎಕ್ಸ್‌ಬಾಕ್ಸ್ ಗೇಮ್ ಮಷಿನ್ ಬಂದಿದೆ. ಎಕ್ಸ್‌ಬಾಕ್ಸ್ 360 ಅಲ್ಲ, ಅದಕ್ಕೂ ಹಿಂದಿನದು, ಮೇಲೆ ದೊಡ್ಡ ಎಕ್ಸ್ ಆಕಾರ ಇರುವ ಆ ಭಾರದ ಕಪ್ಪು ಡಬ್ಬಿ. ಎರಡು ಕಂಟ್ರೋಲರ್ ಇವೆ, ಒಂದಷ್ಟು ಡಿಸ್ಕ್ ಇವೆ. ಕಾರ್ ರೇಸು, ಫುಟ್‌ಬಾಲು ಎಲ್ಲ ಇದ್ದದ್ದೇ. ಆದರೆ ಒಂದು ಡಿಸ್ಕ್ ನೋಡಿ ನನಗೆ ಕುತೂಹಲ ಜಾಸ್ತಿ ಆಯ್ತು. ಹೆಸರು ಕಬುಕಿ ವಾರಿಯರ್ಸ್.

ಆನ್‌ಲೈನಿನಲ್ಲಿ ಅದರ ವಿಡಿಯೊ ಹುಡುಕಿ ನೋಡಿದೆ. ಇಬ್ಬರು ಹೊಡೆದಾಡುವ ಗೇಮ್, ಅದೇನೋ ಸರಿ. ಆದರೆ ಹೊಡೆದಾಡುವುದು ನಾಟಕದ ಸ್ಟೇಜಿನ ಮೇಲೆ! ಮುಖಕ್ಕೆ ಬಿಳಿ ಬಣ್ಣ, ಅದರ ಮೇಲೆ ಕೆಂಪು ಪಟ್ಟೆ, ಸೊಂಟದವರೆಗೆ ಇಳಿದ ಕೂದಲು. ಮಧ್ಯೆ ಮಧ್ಯೆ ಪಾತ್ರಧಾರಿ ಹೊಡೆಯೋದು ಬಿಟ್ಟು ಸುಮ್ನೆ ಒಂದು ಭಂಗಿ ಹಿಡಿದು ನಿಲ್ಲುತ್ತಾನೆ, ಆಗ ಜನ ಸ್ಟೇಜಿಗೆ ಕಾಸು ಎಸೆಯುತ್ತಾರೆ. ನನ್ನ ಪಕ್ಕ ಕೂತು ಅಜ್ಜಿಯೂ ಪೂರ್ತಿ ವಿಡಿಯೊ ನೋಡಿದರು, ಇನ್ನೊಂದು ಸಲ ಹಾಕು ಅಂತ ಹಾಕಿಸಿಕೊಂಡರು. ಅವರ ತವರು ಹರಪನಹಳ್ಳಿ ಕಡೆ, ದೊಡ್ಡಾಟ ನೋಡಿಕೊಂಡೇ ಬೆಳೆದವರು.

ಈಗ ನನ್ನ ಪ್ರಶ್ನೆಗಳು. ಇದು ಅಮೆರಿಕದ ಮಷಿನ್, ಇಲ್ಲಿನ ಕರೆಂಟಿಗೆ ಹಾಕಬಹುದಾ? ಗೇಮ್ ಹೇಗಿದೆ, ರಜೆಯಲ್ಲಿ ತಮ್ಮನ ಜೊತೆ ಕೂತು ಆಡುವಂತಿದೆಯಾ? ವಿಡಿಯೊ ಕೆಳಗಿನ ಕಾಮೆಂಟುಗಳಲ್ಲಿ ಎಲ್ಲರೂ ಬೈದಿದ್ದಾರೆ, ಯಾಕೆ ಅಂತ ಮಾತ್ರ ಒಬ್ಬರೂ ಬಿಡಿಸಿ ಹೇಳಿಲ್ಲ. ಇನ್ನೊಂದು, ಆ ಭಂಗಿ ಹಿಡಿದು ನಿಲ್ಲುವುದು ನಿಜವಾದ ಕಬುಕಿಯಲ್ಲೂ, ಅಂದರೆ ಜಪಾನಿನ ಆ ಹಳೇ ನಾಟಕದಲ್ಲೂ ಇದೆಯಾ, ಇಲ್ಲಾ ಗೇಮಿನವರು ಕಟ್ಟಿದ್ದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸೋಲ್ಡರಿಂಗ್_ಅಣ್ಣ:

ಇನ್ನೂ ಪ್ಲಗ್ಗಿಗೆ ಹಾಕಿಲ್ಲ ತಾನೇ? ಹಾಕಬೇಡಿ. ಅಮೆರಿಕದ ಹಳೇ ಎಕ್ಸ್‌ಬಾಕ್ಸಿನ ಪವರ್ ಸಪ್ಲೈ ಅಲ್ಲಿನ 120 ವೋಲ್ಟಿಗೆ ಮಾಡಿದ್ದು. ನಮ್ಮದು 230. ಈಗಿನ ಮೊಬೈಲ್ ಚಾರ್ಜರಿನ ಹಾಗೆ ಎರಡಕ್ಕೂ ಹೊಂದಿಕೊಳ್ಳುವುದಿಲ್ಲ. ಪಿನ್ನು ಬದಲಾಯಿಸುವ ಸಣ್ಣ ಅಡಾಪ್ಟರ್ ಹಾಕಿ ಸ್ವಿಚ್ ಒತ್ತಿದರೆ ಒಳಗೆ ಪಟ್ ಅಂತ ಸದ್ದು, ಸುಟ್ಟ ವಾಸನೆ, ಅಷ್ಟೇ. ಅಡಾಪ್ಟರ್ ಪಿನ್ನಿನ ಆಕಾರ ಮಾತ್ರ ಬದಲಾಯಿಸುತ್ತದೆ, ವೋಲ್ಟೇಜನ್ನಲ್ಲ. ವಿದೇಶದಿಂದ ತಂದ ಮಿಕ್ಸಿ, ರೇಡಿಯೊ, ಗೇಮ್ ಡಬ್ಬಿಗಳು ನನ್ನ ಟೇಬಲ್ಲಿಗೆ ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ನಿಮಗೆ ಬೇಕಾದ್ದು 230ರಿಂದ 110ಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. 300 ವಾಟಿನದಾದರೆ ಧಾರಾಳ ಆಯ್ತು. ಒಳ್ಳೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಎತ್ತಿ ನೋಡಿ ತಗೊಳ್ಳಿ, ಕೈಗೆ ಭಾರ ಗೊತ್ತಾಗಬೇಕು. ಹಗುರಾಗಿ, ಅಗ್ಗವಾಗಿ ಸಿಗುವ ಕನ್ವರ್ಟರುಗಳು ಇಸ್ತ್ರಿ ಪೆಟ್ಟಿಗೆ, ಹೀಟರಿಗೆ ಮಾಡಿದವು, ಗೇಮ್ ಮಷಿನಿಗೆ ಆಗುವುದಿಲ್ಲ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಅದರ ಚಿಂತೆ ಬೇಡ, ಈ ಥರದ ಸಪ್ಲೈಗೆ ಅದು ಅಡ್ಡ ಬರುವುದಿಲ್ಲ. ಬೇಸಿಗೆಯಲ್ಲಿ ನಮ್ಮೂರಿನ ವೋಲ್ಟೇಜ್ ಹೇಗೆ ಕುಣಿಯುತ್ತದೆ ಅಂತ ಗೊತ್ತಲ್ಲ, ಹಾಗಾಗಿ ಟ್ರಾನ್ಸ್‌ಫಾರ್ಮರಿನ ಮುಂದೆ ಒಂದು ಸ್ಟೆಬಿಲೈಸರ್ ಇದ್ದರೆ ಇನ್ನೂ ಒಳ್ಳೆಯದು.

ಪವರ್ ಕಾರ್ಡ್ ಕೂಡ ಒಮ್ಮೆ ನೋಡಿ. 2003ರ ಅಕ್ಟೋಬರಿಗೆ ಮೊದಲು ತಯಾರಾದ ಮಷಿನುಗಳಿಗೆ ಬೆಂಕಿಯ ಅಪಾಯ ಇದೆ ಅಂತ 2005ರಲ್ಲಿ ಕಂಪನಿಯವರೇ 1.4 ಕೋಟಿಗೂ ಹೆಚ್ಚು ಕಾರ್ಡುಗಳನ್ನು ಪುಕ್ಕಟೆ ಬದಲಾಯಿಸಿಕೊಡುವುದಾಗಿ ಹೇಳಿದ್ದರು. ಬದಲಾಯಿಸಿದ ಕಾರ್ಡಿನಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ, ಅದರಲ್ಲಿ ಟೆಸ್ಟ್, ರಿಸೆಟ್ ಬಟನ್ ಇರುತ್ತವೆ. ಅದು ಇದ್ದರೆ ಚಿಕ್ಕಪ್ಪ ಬದಲಾಯಿಸಿಕೊಂಡಿದ್ದಾರೆ ಅಂತ ಅರ್ಥ.

ಇನ್ನು ಮುಖ್ಯವಾದ ಕೆಲಸ. ಈ ಮಷಿನಿನಲ್ಲಿ ಗಡಿಯಾರಕ್ಕೆ ಅಂತ ಒಂದು ಕೆಪಾಸಿಟರ್ ಇದೆ. ಮೊದಮೊದಲ ಮಾಡೆಲುಗಳಲ್ಲಿ, ಅಂದರೆ 1.6 ಅನ್ನುವ ಮಾಡೆಲ್ ಬರುವವರೆಗೆ ಬಂದವುಗಳಲ್ಲಿ, ಅದು ವಯಸ್ಸಾದಂತೆ ಸೋರುತ್ತದೆ. ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ಮೆಲ್ಲಗೆ ತಿಂದುಹಾಕುತ್ತದೆ. ಮಷಿನ್ ಬಳಸದೆ ಅಟ್ಟದ ಮೇಲೆ ಇಟ್ಟಿದ್ದರೂ ಸೋರುತ್ತದೆ, ಅದೇ ಬೇಜಾರಿನ ವಿಷಯ. ಆ ಹಳೇ ಮಾಡೆಲುಗಳಲ್ಲಿ ಅದನ್ನು ತೆಗೆದು ಬಿಸಾಕಬಹುದು, ಮಷಿನ್ ಎಂದಿನಂತೆ ನಡೆಯುತ್ತದೆ. ಪ್ಲಗ್ ತೆಗೆದಾಗ ತಾರೀಖು, ಟೈಮು ಮರೆಯುತ್ತದೆ, ಅಷ್ಟೇ.

ಬಿಚ್ಚಲು ಟಾರ್ಕ್ಸ್ ಟಿ20 ಡ್ರೈವರ್ ಬೇಕು, ಒಳಗಿನವಕ್ಕೆ ಟಿ10. ಹೊರಗೆ ಆರು ಸ್ಕ್ರೂ. ನಾಲ್ಕು ಕೆಳಗಿನ ರಬ್ಬರ್ ಕಾಲುಗಳ ಅಡಿ, ಎರಡು ಸ್ಟಿಕ್ಕರುಗಳ ಅಡಿ ಅಡಗಿವೆ. ಸ್ಟಿಕ್ಕರ್ ಮೇಲೆ ಬೆರಳು ಒತ್ತಿ ಸವರಿ, ಗುಳಿ ಸಿಗುತ್ತದೆ. ಮೇಲಿನ ಮುಚ್ಚಳ ತೆಗೆದ ಮೇಲೆ ಡಿವಿಡಿ ಡ್ರೈವ್, ಹಾರ್ಡ್ ಡಿಸ್ಕ್ ಎತ್ತಬೇಕು. ಪವರ್ ಸಪ್ಲೈ ಭಾಗವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಕೆಪಾಸಿಟರ್ ಇದ್ದ ಜಾಗದಲ್ಲಿ ಅಂಟು ಅಂಟಾಗಿ ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ. ಸೋಲ್ಡರಿಂಗ್ ಮಾಡುವ ಅಭ್ಯಾಸ ಇಲ್ಲದಿದ್ದರೆ ನಿಮ್ಮ ಹತ್ತಿರದ ಟಿವಿ ರಿಪೇರಿಯವರಿಗೆ ಕೊಡಿ. ಐದು ನಿಮಿಷದ ಕೆಲಸ ಅದು.

ಟಿವಿ ವಿಷಯ. ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ಕೇಬಲ್ ಬಂದಿರಬೇಕು. ಈಗಿನ ಎಷ್ಟೋ ಟಿವಿಗಳಲ್ಲಿ ಆ ಮೂರು ತೂತು ಇರುವುದಿಲ್ಲ, ಒಂದೇ ಸಣ್ಣ ಎವಿ ತೂತು ಇರುತ್ತದೆ. ಅದಕ್ಕೆ ಟಿವಿ ಜೊತೆ ಒಂದು ಗಿಡ್ಡ ವೈರ್ ಕೊಟ್ಟಿರುತ್ತಾರೆ, ಹುಡುಕಿ. ಅಮೆರಿಕದ್ದಾದ್ದರಿಂದ ಸಿಗ್ನಲ್ ಎನ್‌ಟಿಎಸ್‌ಸಿ, ಅಂದರೆ ಅಲ್ಲಿನ ಟಿವಿ ಪದ್ಧತಿಯದು. ಎಲ್‌ಇಡಿ ಟಿವಿಗೆ ತೊಂದರೆ ಇಲ್ಲ. ಹಿಂದೆ ಉಬ್ಬಿರುವ ತುಂಬಾ ಹಳೇ ಡೂಮು ಟಿವಿಗೆ ಹಾಕಿದರೆ ಚಿತ್ರ ಕಪ್ಪು ಬಿಳುಪು ಬರಬಹುದು, ಉರುಳಬಹುದು.

ಗೇಮ್ ಬಗ್ಗೆ ಬೇರೆಯವರು ಹೇಳಲಿ.

ಕೋಟೆ_ಕಡೆಯವ:

ಚಿತ್ರದುರ್ಗದಿಂದ ನಮಸ್ಕಾರ. ಗೇಮ್ ಬಗ್ಗೆ ನಾನು ಹೇಳ್ತೀನಿ. ಫೈಟಿಂಗ್ ಗೇಮ್ ಅಂದರೆ ನನಗೆ ಪ್ರಾಣ, ಅದರಲ್ಲೂ ಕತ್ತಿ ಈಟಿ ಹಿಡಿದು ಆಡುವವು.

ಕಬುಕಿ ವಾರಿಯರ್ಸ್ ಬಂದದ್ದು 2001ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಮಾರಾಟ ಶುರುವಾಗಿತ್ತು. ಮಾಡಿದ್ದು ಜಪಾನಿನ ಗೆಂಕಿ, ಮಾರಿದ್ದು ಕ್ರೇವ್ ಅನ್ನುವ ಅಮೆರಿಕದ ಕಂಪನಿ. ನೀವೊಂದು ನಾಟಕದ ಮೇಳ ಕಟ್ಟಿಕೊಂಡು ಜಪಾನ್ ತುಂಬ ತಿರುಗುತ್ತೀರಿ, ಬೇರೆ ಮೇಳದವರ ಜೊತೆ ಸ್ಟೇಜಿನ ಮೇಲೆ ಹೊಡೆದಾಡುತ್ತೀರಿ, ಜನರನ್ನು ಮೆಚ್ಚಿಸಿ ಕಾಸು ಗಳಿಸುತ್ತೀರಿ. ಯೋಚನೆ ನೋಡಿದರೆ ಎಷ್ಟು ಚೆನ್ನಾಗಿದೆ, ಅಲ್ವಾ?

ಆದರೆ ಬ್ರಿಟನ್ನಿನ ಎಡ್ಜ್ ಪತ್ರಿಕೆ ಇದಕ್ಕೆ ಹತ್ತಕ್ಕೆ ಒಂದು ಅಂಕ ಕೊಟ್ಟಿತು. ಆ ಪತ್ರಿಕೆ ಅಷ್ಟು ಕಡಿಮೆ ಅಂಕ ಕೊಡುವುದು ತೀರಾ ಅಪರೂಪ. ಬೇರೆ ವಿಮರ್ಶಕರೂ ಇದನ್ನು ಮೇಲೆತ್ತಲಿಲ್ಲ. ದೊಡ್ಡ ದೂರು ಏನೆಂದರೆ, ಕಣ್ಣು ಮುಚ್ಚಿ ಬಟನ್ ಕುಟ್ಟುತ್ತಾ ಹೋದರೂ ಗೆಲ್ಲಬಹುದು. ಎದುರಾಳಿ ಏನು ಮಾಡುತ್ತಿದ್ದಾನೆ ಅಂತ ನೋಡುವ ಅಗತ್ಯವೇ ಬೀಳುವುದಿಲ್ಲ. ಫೈಟಿಂಗ್ ಗೇಮಿನ ಜೀವ ಇರುವುದೇ ಅಲ್ಲಿ. ಅವನು ಹೊಡೆಯಲು ಬರುತ್ತಾನಾ, ತಡೆಯುತ್ತಾನಾ, ನೆಗೆಯುತ್ತಾನಾ ಅಂತ ಊಹೆ ಮಾಡುವುದು, ನನ್ನ ಊಹೆ ತಪ್ಪಿದರೆ ಪೆಟ್ಟು ತಿನ್ನುವುದು. ಅದು ಇಲ್ಲ ಅಂದಮೇಲೆ ಸ್ಟೇಜು, ಬಣ್ಣ, ಕಾಸು ಏನಿದ್ದರೂ ಅರ್ಧ ಗಂಟೆಯಲ್ಲಿ ಸಾಕಾಗುತ್ತದೆ.

ಸ್ಟೇಜಿನ ಠೀವಿ, ಕಬುಕಿ ವೇಷ, ಜೊತೆಗೆ ನಿಜವಾದ ಹೊಡೆದಾಟ ಬೇಕು ಅಂದರೆ ನೀವು ಆಡಬೇಕಾದ್ದು ಸಮುರಾಯ್ ಸ್ಪಿರಿಟ್ಸ್. ಜಪಾನಿನ ಹೊರಗೆ ಸಮುರಾಯ್ ಶೋಡೌನ್ ಅಂತ ಹೆಸರು. ಎಸ್‌ಎನ್‌ಕೆ ಕಂಪನಿಯದು, ಮೊದಲನೆಯದು 1993ರಲ್ಲಿ ನಿಯೊ ಜಿಯೊ ಅನ್ನುವ ಗೇಮ್ ಮಷಿನ್ ಮೇಲೆ ಬಂತು. ಅದರಲ್ಲಿ ಸೆನ್ರ್ಯೊ ಕ್ಯೊಶಿರೊ ಅಂತ ಒಬ್ಬ ಇದ್ದಾನೆ. ಕಬುಕಿ ನಟ, ಕೈಯಲ್ಲಿ ನಾಗಿನಾತಾ, ಅಂದರೆ ಉದ್ದ ಕೋಲಿನ ತುದಿಗೆ ಬಾಗಿದ ಅಲಗು. ಸಿಂಹದ ಜಟೆಯಂಥ ಕೂದಲು. ಅವನು ಆ ಸರಣಿಯ ಹೆಚ್ಚಿನ ಗೇಮುಗಳಲ್ಲಿ ಬರುತ್ತಾನೆ, 2019ರ ಹೊಸ ಗೇಮಿನಲ್ಲೂ ಇದ್ದಾನೆ.

ಆ ಮೊದಲನೇ ಗೇಮಿನ ಒಂದು ಪೆಟ್ಟನ್ನು ಗಮನವಿಟ್ಟು ನೋಡಿ. ಎ ಒತ್ತಿದರೆ ಸಣ್ಣ ಏಟು, ಬಿ ಒತ್ತಿದರೆ ಮಧ್ಯಮ, ಎರಡೂ ಒಟ್ಟಿಗೆ ಒತ್ತಿದರೆ ದೊಡ್ಡ ಏಟು. ದೊಡ್ಡ ಏಟು ಬಿದ್ದ ಕ್ಷಣ ಇಡೀ ಪರದೆ ನಿಂತುಬಿಡುತ್ತದೆ. ಹೊಡೆದವನೂ ಅಲ್ಲಾಡುವುದಿಲ್ಲ, ಹೊಡೆಸಿಕೊಂಡವನೂ ಅಲ್ಲಾಡುವುದಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ, ಆಮೇಲೆ ರಕ್ತ ಚಿಮ್ಮುತ್ತದೆ. ಗೇಮ್ ಮಾಡುವವರು ಇದಕ್ಕೆ ಹಿಟ್‌ಸ್ಟಾಪ್ ಅನ್ನುತ್ತಾರೆ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಕೆಲವು ಚಿತ್ರಗಳಷ್ಟು ಹೊತ್ತು ಎಲ್ಲವನ್ನೂ ತಡೆದು ಹಿಡಿಯುವುದು. ಪೆಟ್ಟಿಗೆ ಭಾರ ಬರುವುದು ಅದರಿಂದ. ಅದೇ ಆ ಕಬುಕಿ ವಾರಿಯರ್ಸ್ ವಿಡಿಯೊ ಇನ್ನೊಮ್ಮೆ ನೋಡಿ. ಏಟಿನ ಮೇಲೆ ಏಟು ಬೀಳುತ್ತಲೇ ಇರುತ್ತದೆ, ಒಂದಕ್ಕೂ ತೂಕ ಇಲ್ಲ.

ಇನ್ನೊಂದು ವಿಷಯ. ಸಮುರಾಯ್ ಸ್ಪಿರಿಟ್ಸ್‌ನಲ್ಲಿ ಹಿಂದೆ ಒಬ್ಬ ಪೂರ್ತಿ ಕಪ್ಪು ಬಟ್ಟೆ ಹಾಕಿ, ಮುಖವನ್ನೂ ಮುಚ್ಚಿಕೊಂಡು, ಕೈಯಲ್ಲಿ ಕೆಂಪು ಬಿಳಿ ಬಾವುಟ ಹಿಡಿದು ನಿಂತಿರುತ್ತಾನೆ. ಅಂಪೈರ್ ಅವನು. ಅವನ ಹೆಸರು ಕುರೊಕೊ. ಇದೂ ಕಬುಕಿಯಿಂದಲೇ ಬಂದದ್ದು ಅಂತ ಓದಿದ್ದೇನೆ. ತಿಳಿದವರು ಇದ್ದರೆ ಮುಂದುವರಿಸಿ.

ಇದರ ಹಳೇ ಗೇಮುಗಳ ಸಂಗ್ರಹ 2020ರಲ್ಲಿ ಬಂದಿದೆ, ಕಂಪ್ಯೂಟರಿನಲ್ಲೂ ಆಡಬಹುದು. ಟ್ರಾನ್ಸ್‌ಫಾರ್ಮರ್ ತಗೊಳ್ಳುವ ದುಡ್ಡನ್ನು ಅದಕ್ಕೆ ಹಾಕಿ ಅಂತ ನನ್ನ ಸಲಹೆ. ಇನ್ನೂ ಅಪರೂಪದ್ದು ಬೇಕಾದರೆ 1995ರಲ್ಲಿ ನಿಯೊ ಜಿಯೊಗೇ ಹಡ್ಸನ್ ತಂದ ಕಬುಕಿ ಕ್ಲ್ಯಾಶ್ ಇದೆ, ಚಿತ್ರಗಳು ಬಹಳ ಚೆನ್ನಾಗಿವೆ. ಅದರಲ್ಲಿ ಕಬುಕಿ ಅನ್ನುವ ಹೆಸರಿನ ಪಾತ್ರವೇ ಇದೆ.

ಮುಖವೀಣೆ:

ನಾನು ಚಿತ್ರದುರ್ಗ ಜಿಲ್ಲೆಯವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ತಂದೆ ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದ ಭಾಗವತರು. ಗೇಮ್ ನನಗೆ ಗೊತ್ತಿಲ್ಲ. ಆದರೆ ಕಬುಕಿ ಬಗ್ಗೆ ವರ್ಷಗಳಿಂದ ಓದುತ್ತಾ, ರೆಕಾರ್ಡಿಂಗ್ ನೋಡುತ್ತಾ ಬಂದಿದ್ದೇನೆ. ಕೊಂಡಜ್ಜಿ ರಸ್ತೆಯವರ ಕೊನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಭಂಗಿ ಹಿಡಿದು ನಿಲ್ಲುವುದು ಗೇಮಿನವರು ಕಟ್ಟಿದ್ದಲ್ಲ. ಕಬುಕಿಯ ಉಸಿರೇ ಅದು, ಅದಕ್ಕೆ ಮಿಯೆ ಅನ್ನುತ್ತಾರೆ. ಕಥೆ ಬಿಗಿಯಾಗಿ ಏರಿ ಬಂದಾಗ ನಟ ಕಾಲು ಚಾಚಿ ಊರಿ, ತಲೆಯನ್ನು ಒಂದು ಸುತ್ತು ತಿರುಗಿಸಿ, ಗಕ್ಕನೆ ನಿಲ್ಲಿಸಿ, ಒಂದು ಕಣ್ಣಿನ ಗುಡ್ಡೆಯನ್ನು ಮೂಗಿನ ಕಡೆಗೆ ಎಳೆದು ದಿಟ್ಟಿಸುತ್ತಾನೆ. ಅದೇ ಹೊತ್ತಿಗೆ ಸ್ಟೇಜಿನ ಅಂಚಿನಲ್ಲಿ ಮಂಡಿಯೂರಿ ಕೂತವನೊಬ್ಬ ಎರಡು ಮರದ ತುಂಡುಗಳನ್ನು ಹಲಗೆಯ ಮೇಲೆ ಬಡಿಯುತ್ತಾನೆ. ಬಟ್ ಟಾಟ್! ನಟನ ಕತ್ತು ನಿಲ್ಲುವುದಕ್ಕೂ ಆ ಕೊನೇ ಬಡಿತಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಆ ಕ್ಷಣದಲ್ಲಿ ಸ್ಟೇಜಿನ ಮೇಲಿರುವ ಬೇರೆಯವರು ಸುಮ್ಮನಿರುತ್ತಾರೆ. ಸುತ್ತ ಹತ್ತು ಜನ ಕತ್ತಿ ಎತ್ತಿ ನಿಂತಿದ್ದರೂ ಅವರ ಕತ್ತಿ ಎತ್ತಿದಲ್ಲೇ ಇರುತ್ತದೆ. ಹಿಂದಿನಿಂದ ಪ್ರೇಕ್ಷಕರು ನಟನ ಮನೆತನದ ಹೆಸರು ಕೂಗುತ್ತಾರೆ. ಇಚಿಕಾವಾ ದಂಜೂರೊ ಮನೆತನದವರಾದರೆ ನಾರಿತಾಯಾ ಅಂತ. ಮೊದಲನೇ ದಂಜೂರೊ 1704ರಲ್ಲಿ ತೀರಿಕೊಂಡವರು, ಈ ಅಬ್ಬರದ ವೀರರ ಶೈಲಿಯನ್ನು ಬೆಳೆಸಿದವರು. ಅದೇ ಹೆಸರನ್ನು ಹೊತ್ತ ಹದಿಮೂರನೆಯವರು 2022ರಲ್ಲಿ ಪಟ್ಟಕ್ಕೆ ಬಂದಿದ್ದಾರೆ. ಒಂದು ಹೆಸರಿಗೆ, ಒಂದು ನಿಲುವಿಗೆ ಜನ ಮುನ್ನೂರು ವರ್ಷ ಕೂಗುತ್ತಾ ಬಂದಿದ್ದಾರೆ, ಯೋಚನೆ ಮಾಡಿ.

ಮುಖದ ಬಣ್ಣಕ್ಕೂ ಲೆಕ್ಕ ಇದೆ. ಕೆಂಪು ಪಟ್ಟೆ ಇದ್ದರೆ ವೀರ, ಒಳ್ಳೆಯ ಕಡೆಯವನು. ನೀಲಿ ಇದ್ದರೆ ಕೇಡಿಗ. ಕಂದು ಬಣ್ಣ ದೆವ್ವ, ಭೂತ, ಮನುಷ್ಯರಲ್ಲದವಕ್ಕೆ. ದೂರದಲ್ಲಿ ಕೂತ ಮುದುಕಿಗೂ ಬಂದವನು ಯಾರು ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ನಿಮ್ಮ ಅಜ್ಜಿಗೆ ವಿಡಿಯೊ ಹಿಡಿಸಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ನಮ್ಮ ಆಟದಲ್ಲೂ ಕಿರೀಟ, ಭುಜಕೀರ್ತಿ, ಮೀಸೆ ನೋಡಿದರೆ ಸಾಕು, ಮಾತು ಶುರುವಾಗುವ ಮೊದಲೇ ಜನಕ್ಕೆ ಗೊತ್ತಿರುತ್ತದೆ.

ಕುರೊಕೊ ಬಗ್ಗೆ ಕೋಟೆ ಕಡೆಯವರು ಹೇಳಿದ್ದು ಸರಿ. ಸ್ಟೇಜಿನ ಮೇಲೆ ಕಪ್ಪು ಬಟ್ಟೆಯಲ್ಲಿ ಓಡಾಡಿ ನಟನಿಗೆ ಕತ್ತಿ ಕೊಡುವುದು, ಬೇಡವಾದ ಸಾಮಾನು ಎತ್ತುವುದು, ಬಟ್ಟೆ ಬದಲಾಯಿಸಲು ಕೈಹಚ್ಚುವುದು ಅವರ ಕೆಲಸ. ಕಪ್ಪು ಅಂದರೆ ಅಲ್ಲಿ ಯಾರೂ ಇಲ್ಲ ಅಂತ ಪ್ರೇಕ್ಷಕರು ಒಪ್ಪಿಕೊಂಡಿರುತ್ತಾರೆ.

ಕಾಸು ಎಸೆಯುವುದೂ ನಿಜವೇ. ಹಳ್ಳಿಗಳಲ್ಲಿ ಊರಿನವರೇ ಸೇರಿ ಆಡುವ ಕಬುಕಿ ಇದೆ, ಗಿಫು ಪ್ರಾಂತ್ಯದ ಕಡೆ ಜಾಸ್ತಿ. ಅಲ್ಲಿ ಜನ ಕಾಸನ್ನು ಕಾಗದದಲ್ಲಿ ಸುತ್ತಿ ತುದಿ ತಿರುಚಿ ಸ್ಟೇಜಿಗೆ ಎಸೆಯುತ್ತಾರೆ. ನಮ್ಮ ಕಡೆ ಊರ ನಾಟಕದಲ್ಲಿ ನಡುವೆ ಎದ್ದು ಬಂದು ಪಾತ್ರಧಾರಿಯ ಎದೆಗೆ ನೋಟು ಪಿನ್ ಮಾಡಿ ಮೈಕಿನಲ್ಲಿ ಹೆಸರು ಹೇಳಿಸುತ್ತಾರಲ್ಲ, ಅದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಆದ್ದರಿಂದ ಗೇಮನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಅಂತ ನನಗೆ ಅನಿಸುತ್ತದೆ. ಗೆಲುವು ಬರೀ ಎದುರಾಳಿಯ ಬಲದ ಲೆಕ್ಕದಲ್ಲಿಲ್ಲ, ಕೂತ ಜನರ ಕೈಯಲ್ಲೂ ಇದೆ ಅಂತ ಯೋಚಿಸಿದವರು ನಾಟಕ ಬಲ್ಲವರೇ ಇರಬೇಕು.

ಅವರು ಎಡವಿದ್ದು ಎಲ್ಲಿ ಅನ್ನುವುದಕ್ಕೆ ಕೋಟೆ ಕಡೆಯವರು ಬರೆದ ಆ ಪರದೆ ನಿಲ್ಲುವ ಮಾತು ಓದಿದಾಗ ನನಗೆ ದಾರಿ ಕಂಡಿತು. ವಿಡಿಯೊ ನಾನೂ ನೋಡಿದೆ. ಒಬ್ಬ ಭಂಗಿ ಹಿಡಿದರೆ ಇನ್ನೊಬ್ಬ ಅವನ ಪಾಡಿಗೆ ಅವನು ಕುಣಿಯುತ್ತಿರುತ್ತಾನೆ, ಹೊಡೆಯಲೂ ಬರುತ್ತಾನೆ. ಇದು ಮಿಯೆ ಆಗುವುದಿಲ್ಲ. ನಟ ಒಬ್ಬನೇ ನಿಂತರೆ ಅದು ಸುಮ್ನೆ ನಿಂತದ್ದು. ಮೇಳ ಪೂರ್ತಿ ಅವನಿಗಾಗಿ ನಿಂತಾಗ ಮಾತ್ರ ಜನರ ಕಣ್ಣು ಅಲ್ಲಿಗೆ ಹೋಗುತ್ತದೆ. ನಮ್ಮಲ್ಲಿ ವೀರನ ಪಾತ್ರ ಸಭೆಗೆ ಬಂದಾಗ ಏನಾಗುತ್ತದೆ ನೋಡಿ. ಮದ್ದಳೆ ಜೋರಾಗುತ್ತಾ ಹೋಗುತ್ತದೆ, ಅವನು ಸ್ಟೇಜು ಅದುರುವ ಹಾಗೆ ಹೆಜ್ಜೆ ಹಾಕಿ ಕುಣಿಯುತ್ತಾನೆ, ಕೊನೇ ಪೆಟ್ಟಿಗೆ ಸರಿಯಾಗಿ ಕಾಲು ಅಪ್ಪಳಿಸಿ ನಿಲ್ಲುತ್ತಾನೆ. ತಂದೆಯವರ ಬಲಗೈ ತಾಳ ಅಲ್ಲೇ ಮುಚ್ಚಿಕೊಳ್ಳುತ್ತದೆ. ಊದುವ ವಾದ್ಯ ಮುಖವೀಣೆಯೂ ನಿಲ್ಲುತ್ತದೆ. ಗೆಜ್ಜೆಯ ಸದ್ದು ಆರುವವರೆಗೆ, ಬಂದ ಪಾತ್ರವನ್ನು ಮಾತಾಡಿಸುವ ಸಾರಥಿ ಬಾಯಿ ತೆರೆಯುವುದಿಲ್ಲ, ಆಮೇಲೆ ತಾವು ಯಾರು ಅಂತ ಕೇಳುತ್ತಾನೆ. ಸಾರಥಿ ಅವಸರ ಮಾಡಿ ಅರ್ಧ ಉಸಿರಿನಷ್ಟು ಮುಂಚೆ ಕೇಳಿದರೂ ವೇಷ ಕೆಟ್ಟಿತು ಅಂತಲೇ ನಮ್ಮ ತಂದೆ ಹೇಳುವುದು. ನಿಲ್ಲುವವನಿಗಿಂತ ನಿಲ್ಲಿಸುವವರ ಜವಾಬ್ದಾರಿ ದೊಡ್ಡದು ಅಂತ ಅವರು ಹುಡುಗರಿಗೆ ಬೈದು ಬೈದು ಕಲಿಸುತ್ತಾರೆ.

ಗೋಡಾಟ್_ಹುಡುಗ:

ಮುಖವೀಣೆ ಅಕ್ಕ, ನಿಮ್ಮ ಪೋಸ್ಟನ್ನು ಮತ್ತೆ ಮತ್ತೆ ಓದಿದೆ. ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಬಿಡುವಿನಲ್ಲಿ ಗೋಡಾಟ್ ಬಳಸಿ ಸಣ್ಣ ಸಣ್ಣ ಗೇಮ್ ಮಾಡುತ್ತೇನೆ. ಅದು ಪುಕ್ಕಟೆ ಸಾಫ್ಟ್‌ವೇರ್, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ನೀವು ಹೇಳಿದ್ದನ್ನು ಗೇಮಿನ ನಿಯಮ ಮಾಡಬಹುದು ಅಂತ ಅನಿಸುತ್ತಿದೆ. ಭಂಗಿಯ ಬಟನ್ ಒತ್ತಿದಾಗ ಇಬ್ಬರೂ ನಿಲ್ಲಬೇಕು, ಹಿನ್ನೆಲೆಯೂ ನಿಲ್ಲಬೇಕು, ಸದ್ದೂ ನಿಲ್ಲಬೇಕು. ಆದರೆ ಯಾವಾಗ ಬೇಕಾದರೂ ಒತ್ತುವಂತಿದ್ದರೆ ಅದೂ ಬಟನ್ ಕುಟ್ಟುವ ಆಟವೇ ಆಗಿಬಿಡುತ್ತದೆ. ಹಾಗಾಗಿ ಮದ್ದಳೆ ಏರುತ್ತಾ ಬಂದು ಕೊನೇ ಪೆಟ್ಟು ಬೀಳುವ ಆ ಕ್ಷಣಕ್ಕೆ ಒತ್ತಿದರೆ ಮಾತ್ರ ಎಲ್ಲ ನಿಲ್ಲಬೇಕು, ಜನ ಕೂಗಬೇಕು. ಮುಂಚೆಯೋ ಆಮೇಲೋ ಒತ್ತಿದರೆ ಅವನೊಬ್ಬನೇ ನಿಲ್ಲುತ್ತಾನೆ, ಎದುರಾಳಿ ಬಂದು ಬಾರಿಸುತ್ತಾನೆ. ಎದುರಾಳಿಗೂ ಅದೇ ಮದ್ದಳೆ ಕೇಳಿಸುತ್ತಿರುತ್ತದೆ. ಹಾಗಾಗಿ ಇವನು ಈಗ ಭಂಗಿ ಹಿಡಿಯುತ್ತಾನಾ, ಇಲ್ಲಾ ಹಿಡಿಯುವ ಹಾಗೆ ತೋರಿಸಿ ಹೊಡೆಯುತ್ತಾನಾ ಅಂತ ಅವನು ಊಹಿಸಲೇಬೇಕು. ಕೋಟೆ ಕಡೆಯವರು ಕೇಳಿದ ಊಹೆಯ ಆಟ ಅಲ್ಲಿಂದಲೇ ಹುಟ್ಟುತ್ತದೆ, ಹೌದಲ್ವಾ ಅಣ್ಣ?

ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನುವುದೇ ನನಗೆ ಗೊತ್ತಾಗುತ್ತಿಲ್ಲ. ಅಕ್ಕ, ಗೆಜ್ಜೆ ಸದ್ದು ಆರುವವರೆಗೆ ಅಂದಿರಲ್ಲ, ಅದು ಎಷ್ಟು ಸೆಕೆಂಡ್ ಇರಬಹುದು? ವೇಷದ ಯೋಚನೆ ಇದೆ. ಚಿತ್ರದುರ್ಗದ ಕೋಟೆ ಹಿನ್ನೆಲೆಗೆ ಇಟ್ಟು, ಒನಕೆ ಹಿಡಿದ ಓಬವ್ವನಿಂದ ಶುರು ಮಾಡಬೇಕು ಅಂತ ಆಸೆ. ಒನಕೆ ನೇರ ಮೇಲಿಂದ ಕೆಳಗೆ ಬೀಳುವ ಆಯುಧ, ಬೀಸುವುದಲ್ಲ. ಅದಕ್ಕೆ ಬೇರೆ ಯಾವ ಗೇಮಿನಲ್ಲೂ ಇಲ್ಲದ ಲಯ ಬರುತ್ತದೆ.

ಕೋಟೆ_ಕಡೆಯವ:

ಹೌದು, ಇದು ಆಡುವಂತಿದೆ! ಒಂದೇ ಒಂದು ಎಚ್ಚರಿಕೆ. ನಿಲುಗಡೆ ಉದ್ದ ಆದಷ್ಟೂ ಸೋಲುತ್ತಿರುವವನಿಗೆ ಬೇಜಾರು. ಮೊದಲ ಸಲ ಚೆಂದ, ಹತ್ತನೇ ಸಲಕ್ಕೆ ಕಂಟ್ರೋಲರ್ ಕೆಳಗಿಡುತ್ತಾನೆ. ಒಂದು ಸುತ್ತಿಗೆ ಒಬ್ಬನಿಗೆ ಒಂದೇ ಸಲ ಅಂತ ಮಿತಿ ಹಾಕು. ಸಿಕ್ಕ ಒಂದು ಅವಕಾಶವನ್ನು ಯಾವಾಗ ಬಳಸಬೇಕು ಅಂತ ಆಗ ತಲೆ ಕೆಡಿಸಿಕೊಳ್ಳುತ್ತಾರೆ. ಮತ್ತೆ, ಓಬವ್ವನಿಗೆ ಎದುರಾಳಿ ಕಿಂಡಿಯಿಂದ ಒಬ್ಬೊಬ್ಬನೇ ಬರುವ ಹಾಗೆ ಒಂದು ಬೇರೆ ಸುತ್ತು ಇಡು. ಆ ಕಿಂಡಿ ಎಷ್ಟು ಇಕ್ಕಟ್ಟು ಅಂತ ಕೋಟೆಗೆ ಬಂದು ಒಳಗೆ ನುಸುಳಿ ನೋಡು, ಹಿನ್ನೆಲೆ ಬರೆಯುವ ಮೊದಲೇ ಬಾ, ನಾನು ತೋರಿಸುತ್ತೇನೆ.

ಕೊಂಡಜ್ಜಿ_ರಸ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಲ್ಡರಿಂಗ್ ಅಣ್ಣ, ಟ್ರಾನ್ಸ್‌ಫಾರ್ಮರ್ ಹೇಳಿಟ್ಟಿದ್ದೇನೆ, ತರಿಸಿಕೊಡುತ್ತಾರಂತೆ. ಕಾರ್ಡಿನಲ್ಲಿ ನೀವು ಹೇಳಿದ ಆ ಟೆಸ್ಟ್, ರಿಸೆಟ್ ಡಬ್ಬಿ ಇದೆ. ಮಷಿನ್ ಬಿಚ್ಚಿಸಿ ನೋಡಿದರೆ ಕೆಪಾಸಿಟರ್ ಬುಡದಲ್ಲಿ ಕಂದು ಬಣ್ಣದ ಅಂಟು ಇತ್ತು, ಬೋರ್ಡಿಗೆ ಇನ್ನೂ ಹರಡಿರಲಿಲ್ಲ. ರಿಪೇರಿಯವರು ತೆಗೆದು ತೊಳೆದು ಕೊಟ್ಟರು.

ಕೋಟೆ ಕಡೆಯವರೇ, ಸಮುರಾಯ್ ಸ್ಪಿರಿಟ್ಸ್ ಖಂಡಿತ ತಗೊಳ್ಳುತ್ತೇನೆ. ಆದರೆ ಮುಖವೀಣೆ ಮೇಡಂ ಬರೆದದ್ದು ಓದಿದ ಮೇಲೆ ಕಬುಕಿ ವಾರಿಯರ್ಸ್ ಆಡದೆ ಬಿಡಲು ಮನಸ್ಸಾಗುತ್ತಿಲ್ಲ. ತಮ್ಮನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಒಬ್ಬ ಭಂಗಿ ಹಿಡಿದರೆ ಇನ್ನೊಬ್ಬ ಕಂಟ್ರೋಲರಿನಿಂದ ಬೆರಳು ತೆಗೆಯಬೇಕು. ಗೇಮ್ ನಿಲ್ಲಿಸದಿದ್ದರೆ ನಾವೇ ನಿಲ್ಲಿಸುತ್ತೇವೆ. ಚೆನ್ನಾಗಿತ್ತಾ ಇಲ್ವಾ ಅಂತ ಅಜ್ಜಿ ಹೇಳಬೇಕು.

ಮೇಡಂ, ನಿಮ್ಮ ತಂದೆಯವರ ಆಟ ಎಲ್ಲಾದರೂ ಇದ್ದರೆ ತಿಳಿಸಿ, ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆ.

ಮುಖವೀಣೆ:

ಗೋಡಾಟ್ ಹುಡುಗ, ನಿನ್ನ ಪ್ರಶ್ನೆಯನ್ನು ತಂದೆಯವರಿಗೇ ಕೇಳಿದೆ. ಸೆಕೆಂಡಿನ ಲೆಕ್ಕ ಅವರಿಗೆ ಹಿಡಿಸಲಿಲ್ಲ. ಪಾತ್ರ ನೋಡಿ ನಿಲ್ಲಿಸಬೇಕು ಅಂದರು. ರಾಕ್ಷಸ ನಿಂತರೆ ಜಾಸ್ತಿ ಹೊತ್ತು, ಅವನ ಮೈ ದೊಡ್ಡದು, ಆಭರಣ ಜಾಸ್ತಿ, ಸದ್ದು ಆರಲು ಸಮಯ ಬೇಕು. ಹುಡುಗ ಪಾತ್ರ, ಅಭಿಮನ್ಯುವಿನಂಥದ್ದು, ನಿಂತ ಹಾಗೆ ಆಗಬೇಕು, ಹೊರಟುಬಿಡಬೇಕು. ಸ್ತ್ರೀ ವೇಷಕ್ಕೆ ಕಾಲು ಅಪ್ಪಳಿಸುವುದೇ ಇಲ್ಲ, ಅಲ್ಲಿ ತಾಳ ಮಾತ್ರ ನಿಲ್ಲುತ್ತದೆ, ಕಣ್ಣು ನಿಲ್ಲುತ್ತದೆ. ಹಾಗಾದರೆ ಓಬವ್ವನಿಗೆ ಹೇಗೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಒನಕೆಯ ತುದಿ ನೆಲಕ್ಕೆ ತಾಗಿದ ಸದ್ದಿಗೆ ನಿಲ್ಲಿಸು ಅಂತ ಹೇಳು, ಕಾಲಿನ ಸದ್ದಿಗೆ ಬೇಡ ಅಂದರು. ಒಂದೊಂದು ಪಾತ್ರಕ್ಕೆ ಒಂದೊಂದು ಅಳತೆ ಇಟ್ಟುಕೋ. ಮದ್ದಳೆಯ ಪೆಟ್ಟು, ಗೆಜ್ಜೆ, ತಾಳ ಎಲ್ಲ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಮೊಬೈಲಿನಲ್ಲೇ ಮಾಡಿದರೆ ಸಾಕಾಗುತ್ತದಾ, ಇಲ್ಲಾ ಬೇರೆ ಮೈಕ್ ಬೇಕಾ ಹೇಳು.

ಕೊಂಡಜ್ಜಿ ರಸ್ತೆಯವರಿಗೆ, ಸುಗ್ಗಿ ಮುಗಿದ ಮೇಲೆ ಆಟ ಶುರುವಾಗುತ್ತವೆ, ತಾರೀಖು ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ರಾತ್ರಿ ಶುರುವಾದರೆ ಬೆಳಗಾಗುವವರೆಗೂ ನಡೆಯುತ್ತದೆ. ಅಜ್ಜಿಗೆ ಕೂರಲು ಗೋಡೆ ಪಕ್ಕ ಜಾಗ ನಾನು ಹಿಡಿದಿಡುತ್ತೇನೆ, ಕಂಬಳಿ ಮಾತ್ರ ನೀವೇ ತನ್ನಿ.

ಗೋಡಾಟ್_ಹುಡುಗ:

ಮೊಬೈಲ್ ಸಾಕು ಅಕ್ಕ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಮೊಬೈಲನ್ನು ಮದ್ದಳೆಯಿಂದ ಮೂರ್ನಾಲ್ಕು ಅಡಿ ದೂರ ಇಡಿ, ತೀರಾ ಹತ್ತಿರ ಇಟ್ಟರೆ ಸದ್ದು ಒಡೆಯುತ್ತದೆ. ಪ್ರತಿ ಪೆಟ್ಟಿನ ನಂತರ ಸದ್ದು ಪೂರ್ತಿ ಆರುವವರೆಗೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಆ ಬಾಲವೇ ನನಗೆ ಬೇಕಾದ್ದು, ನಿಲುಗಡೆಯ ಅಳತೆಯನ್ನು ಅದರಿಂದಲೇ ತಗೊಳ್ಳುತ್ತೇನೆ.